ಉಣ್ಣೆ ಪೆಟ್ಟಿಗೆಯ ಮಾಸ್ತರರು

ಬಾಗಲಕೋಟೆಯ ಹೈಸ್ಕೂಲಿನಲ್ಲಿ ಬಹಳ ವರ್ಷ ಕಲಿಸಿದ ಮಾಸ್ತರರೊಬ್ಬರು ಈ ಸಲದ ಮಳೆಗಾಲ ಹಿಡಿಯುವ ಹೊತ್ತಿಗೆ ತೀರಿಕೊಂಡರು. ಅವರ ಮಣ್ಣಿಗೆ ಬಂದವರಲ್ಲಿ ಹೆಚ್ಚಿನವರು ಹಳೆಯ ವಿದ್ಯಾರ್ಥಿಗಳು. ಒಬ್ಬರು ಅವರು ಇಂಗ್ಲಿಷ್ ಪದ್ಯ ಹೇಳುತ್ತಿದ್ದ ರೀತಿಯನ್ನು ನೆನೆದರು, ಇನ್ನೊಬ್ಬರು ಅವರು ಎಂದೂ ಬೆತ್ತ ಹಿಡಿಯಲಿಲ್ಲ ಎಂದರು. ನಾನು ಸುಮ್ಮನೆ ಹಿಂದೆ ನಿಂತಿದ್ದೆ. ನಾನು ಅವರ ವಿದ್ಯಾರ್ಥಿಯಲ್ಲ, ಅವರ ಪ್ರಯೋಗಕ್ಕೆ ಕೂತವನು. ಈ ಮಾತನ್ನು ಅಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಬದುಕಿದ್ದರೆ ಅವರಿಗೂ ಅದನ್ನು ಕೇಳುವುದು ಆಗುತ್ತಿರಲಿಲ್ಲ. ಅವರ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ.

ಎತ್ತರದ ಆಳು. ಬಾಗಿಲು ಎಷ್ಟೇ ದೊಡ್ಡದಿದ್ದರೂ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದರು. ಬಾದಾಮಿಯ ಹಳೆಯ ಮುಸಲ್ಮಾನ ಮನೆತನ. ತಂದೆ, ಅಜ್ಜ ಎಲ್ಲರೂ ಹತ್ತಿ ಹಿಂಜಿ ಗಾದಿ ಹೊಲಿದು ಬದುಕಿದವರು. ಇವರೊಬ್ಬರಿಗೆ ಓದಿನ ಹುಚ್ಚು ಹತ್ತಿ ಕಲ್ಕತ್ತೆಯವರೆಗೂ ಹೋಗಿ ಬಂದಿದ್ದರು. ಮನುಷ್ಯನಿಗೆ ಎಷ್ಟು ಕಾಣುತ್ತದೆ, ಎಷ್ಟು ಕೇಳುತ್ತದೆ, ಎಷ್ಟು ನೆನಪಿರುತ್ತದೆ ಎಂಬುದನ್ನೆಲ್ಲ ಪ್ರಯೋಗ ಮಾಡಿ ಅಳೆಯುವ ವಿದ್ಯೆ ಅಲ್ಲಿ ಹೊಸದಾಗಿ ಶುರುವಾಗಿತ್ತಂತೆ. ಅದನ್ನು ಕಲಿತು ಬರುವಾಗ ಒಂದು ಕಟ್ಟಿಗೆಯ ಪೆಟ್ಟಿಗೆ ತಂದರು. ಅದರ ತುಂಬ ಬಣ್ಣಬಣ್ಣದ ಉಣ್ಣೆಯ ಸಣ್ಣ ಲಡಿಗಳು. ರೈಲಿನ ಕೆಲಸಕ್ಕೆ ಸೇರುವವರ ಕಣ್ಣನ್ನು ಇಂಥ ಉಣ್ಣೆಯಿಂದಲೇ ಪರೀಕ್ಷಿಸುತ್ತಾರೆ, ಕೆಂಪು ದೀಪ ಹಸಿರು ದೀಪ ತಿಳಿಯದವನು ಗಾಡಿ ಓಡಿಸಿದರೆ ಗತಿಯೇನು ಎಂದು ಅವರು ಹೇಳುತ್ತಿದ್ದರು.

ಆ ಕಾಲಕ್ಕೆ ನಾನು ಇಳಕಲ್ಲಿನಲ್ಲಿ ಒಬ್ಬ ಸಾವಕಾರರ ಮಗ್ಗದ ಮೇಲೆ ಸೀರೆ ನೇಯುತ್ತಿದ್ದೆ. ಅಪ್ಪ, ಅವ್ವ ಇಬ್ಬರೂ ಊರಿಗೆ ಊರೇ ಜ್ವರದಿಂದ ಮಲಗಿದ ವರ್ಷ ಹೋಗಿಬಿಟ್ಟಿದ್ದರು. ಮನೆಯಲ್ಲಿ ನಾನು ಮತ್ತು ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅಕ್ಕ. ಅಕ್ಕ ಲಾಳಿಗೆ ಹಾಕುವ ನೂಲನ್ನು ಕಂಡಿಕೆಗೆ ಸುತ್ತಿ ಕೊಡುವಳು, ನಾನು ನೇಯುವೆ. ಕೆಂಪು ಕಂಡಿಕೆಗಳನ್ನು ನನ್ನ ಬಲಕ್ಕೆ, ಹಸಿರಿನವನ್ನು ಎಡಕ್ಕೆ ಇಟ್ಟು ಹೋಗುತ್ತಿದ್ದಳು. ಯಾಕೆ ಹಾಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚಿಕ್ಕಂದಿನಲ್ಲಿ ಹಸಿರು ತಾ ಎಂದರೆ ಕೆಂಪು ತಂದುಕೊಟ್ಟು ಅಪ್ಪನಿಂದ ಬೇಕಾದಷ್ಟು ಹೊಡೆಸಿಕೊಂಡಿದ್ದೆ. "ಲಕ್ಷ್ಯ ಎಲ್ಲಿಟ್ಟೀಯಲೇ?" ಎಂದು ಅಪ್ಪ ಕೂಗುತ್ತಿದ್ದ. ನನಗೆ ಲಕ್ಷ್ಯ ಕಡಿಮೆ ಎಂದೇ ನಾನೂ ನಂಬಿದ್ದೆ. ಎಲ್ಲರಿಗೂ ನನ್ನಂತೆಯೇ ಕಾಣುತ್ತದೆ, ಅವರು ಜಾಣರು, ಗುರುತು ಹಿಡಿಯುತ್ತಾರೆ. ನಾನು ದಡ್ಡ, ತಪ್ಪುತ್ತೇನೆ ಎಂದುಕೊಂಡಿದ್ದೆ. ಆದರೆ ನೇಯ್ಗೆ ನನ್ನ ಕೈಗೆ ಚೆನ್ನಾಗಿ ಕೂತಿತ್ತು. ಸಾವಕಾರರು ನಾನು ನೇಯ್ದ ದಡಿಯನ್ನು ಗಿರಾಕಿಗಳಿಗೆ ಎಳೆದೆಳೆದು ತೋರಿಸುತ್ತಿದ್ದರು. ಹುನಗುಂದದ ಒಂದು ಮನೆಯವರು ನನಗೆ ಹೆಣ್ಣು ಕೊಡುವ ಮಾತಾಡಿದ್ದರು.

ಬೇಸಿಗೆಯ ಸೂಟಿಯಲ್ಲಿ ಮಾಸ್ತರರು ಪೆಟ್ಟಿಗೆ ಹೊತ್ತುಕೊಂಡು ಇಳಕಲ್ಲಿಗೆ ಬಂದರು. ದಿನವಿಡೀ ಬಣ್ಣದಲ್ಲಿ ಕೆಲಸ ಮಾಡುವ ನೇಕಾರರ ಕಣ್ಣು ಉಳಿದವರ ಕಣ್ಣಿಗಿಂತ ಚುರುಕಾಗಿರುತ್ತದೆಯೇ ಎಂದು ನೋಡುವುದು ಅವರ ವಿಚಾರ. ಸಾವಕಾರರಿಗೆ ಇದು ತಮ್ಮ ನೇಕಾರರ ಹೆಚ್ಚುಗಾರಿಕೆಯನ್ನು ಸಾರುವ ಕೆಲಸದಂತೆ ಕಂಡಿತು. ತಮ್ಮ ಪಡಸಾಲೆಯಲ್ಲೇ ಜಮಖಾನೆ ಹಾಸಿಸಿದರು. ಮಾಸ್ತರರು ಒಂದು ಬಿಳಿ ಧೋತರ ಹರವಿ ಅದರ ಮೇಲೆ ಉಣ್ಣೆಯನ್ನೆಲ್ಲ ಸುರಿದರು. ನಾವು ಒಬ್ಬೊಬ್ಬರಾಗಿ ಹೋಗಿ ಕೂಡಬೇಕು, ಉಳಿದವರು ಸುತ್ತಲೂ ಕೂತು ನೋಡುತ್ತಿರುತ್ತಾರೆ. ಅವರು ಒಂದು ಲಡಿ ಎತ್ತಿ ಕೊಟ್ಟು, "ಇದರ ಬಣ್ಣದ್ದು, ತಿಳಿ ಇರ್ಲಿ ಗಾಢ ಇರ್ಲಿ, ಆರಿಸಿ ತಗೀರಿ" ಎನ್ನುತ್ತಿದ್ದರು. ಎಲ್ಲರೂ ಮಾತಾಡುತ್ತ, ನಗುತ್ತ ಆರಿಸಿ ಎದ್ದು ಹೋದರು.

ನನ್ನ ಪಾಳಿ ಬಂತು. ಮೊದಲು ಕೊಟ್ಟದ್ದು ತಿಳಿ ಹಸಿರಂತೆ. ಅದರ ಪಕ್ಕದಲ್ಲಿ ನಾನು ಬೂದಿ, ಒಣಹುಲ್ಲಿನ ಬಣ್ಣ, ಗುಲಾಬಿ ಎಲ್ಲವನ್ನೂ ಇಟ್ಟೆ. ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಕೆಂಪು ಲಡಿ ಕೊಟ್ಟರು. ಅದರ ಜೊತೆಗೆ ನಾನು ಕಂದು, ಕಡು ಹಸಿರು ಸೇರಿಸಿದೆ. ಪಡಸಾಲೆ ತುಂಬ ನಗು.

"ಏ, ಚ್ಯಾಷ್ಟಿ ಮಾಡಬ್ಯಾಡಲೇ, ದೊಡ್ಡವರು ಬಂದಾರ" ಎಂದರು ಸಾವಕಾರರು.

"ಚ್ಯಾಷ್ಟಿ ಅಲ್ಲರಿ!" ಎಂದು ಮಾಸ್ತರರು ಮಂಡಿಯ ಮೇಲೆ ಎದ್ದರು. ಅವರ ಮುಖ ಅರಳಿತ್ತು. "ಯಾರೂ ಮಾತಾಡಬ್ಯಾಡ್ರಿ. ತಮ್ಮಾ, ಇನ್ನೊಮ್ಮಿ ಮಾಡು."

ಇನ್ನೊಮ್ಮೆ ಮಾಡಿದೆ. ಮತ್ತೊಮ್ಮೆ ಮಾಡಿಸಿದರು. ಉಣ್ಣೆಯನ್ನು ಕಲಸಿ ಮತ್ತೆ ಹರವಿದರು. ಸುದ್ದಿ ಹೊರಗೆ ಹೋಗಿ ಓಣಿಯ ಜನ ಕಿಟಕಿಗೆ ಬಂದು ನಿಂತರು. ನನ್ನ ಕೈ ಬೆವತು ಉಣ್ಣೆ ಬೆರಳಿಗೆ ಅಂಟುತ್ತಿತ್ತು. ಜನ ನಗುತ್ತಿದ್ದರೂ ಮಾಸ್ತರರು ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ. ಅವರು ನಾನು ಎತ್ತುವ ಲಡಿಗಳನ್ನು ನೋಡುತ್ತಿದ್ದರು, ನನ್ನನ್ನು ನೋಡಲಿಲ್ಲ. ಕೊನೆಗೆ ಎಲ್ಲರ ಕಡೆ ತಿರುಗಿ ಹೇಳಿದರು: "ಇವಗ ಕೆಂಪು ಕಾಣೂದಿಲ್ಲ! ಹುಟ್ಟಿದಾಗಿಂದ ಕಂಡಿಲ್ಲ! ಇಂಥಾ ಕಣ್ಣು ಸಿಗೂದು ಅಪರೂಪ."

ತಲೆ ಎತ್ತಿದಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಮಾಸ್ತರರು ಮರುದಿನ ನಸುಕಿನ ಗಾಡಿಗೆ ಹೋದರು. ಸಾವಕಾರರು ನನ್ನನ್ನು ಕರೆಸಿ ಮೆತ್ತಗೆ ಮಾತಾಡಿದರು. "ಸಿಟ್ಟಾಗಬ್ಯಾಡಪಾ. ನಾಳೆ ಗಿರಾಕಿ, ಕೆಂಪು ಕಾಣದಾಂವ ನೇಯ್ದ ಸೀರಿ ಇದಾ ಏನು ಅಂತ ಕೇಳಿದ್ರ ನಾ ಏನ್ ಹೇಳ್ಲಿ?" ಮಗ್ಗ ಬೇರೆಯವರ ಪಾಲಾಯಿತು. ಅದೇ ವಾರ ಹುನಗುಂದದಿಂದ ಹೇಳಿ ಕಳಿಸಿದರು, ಹುಡುಗನ ಕಣ್ಣು ಹೋಗಿವೆಯಂತೆ, ಮಾತು ಇಲ್ಲಿಗೆ ಬಿಡೋಣ ಎಂದು. ಓಣಿಯಲ್ಲಿ ಹೋದರೆ ಸಣ್ಣ ಹುಡುಗರು ಏನಾದರೊಂದು ಹಿಡಿದು ತೋರಿಸಿ, "ಇದು ಯಾವ ಬಣ್ಣ ಹೇಳು?" ಎನ್ನುವರು. ಒಂದು ತಿಂಗಳೂ ತಡೆಯಲಾಗಲಿಲ್ಲ. ಅಕ್ಕ ಪಾತ್ರೆ ಕಟ್ಟಿದಳು. ಬಾಗಲಕೋಟೆಗೆ ಬಂದು ಹತ್ತಿಯ ಕಾರಖಾನೆಯಲ್ಲಿ ಕೂಲಿಗೆ ನಿಂತೆ. ಹತ್ತಿ ಬೆಳ್ಳಗಿರುತ್ತದೆ, ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ದೀಪಾವಳಿಯ ಮುಂದೆ ಅಕ್ಕನೂ ನಾನೂ ಸಂತೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದಾಗ ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು. ಮಾಸ್ತರರು. ನನ್ನನ್ನು ಕಂಡು ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

"ಇಳಕಲ್ಲಿನಾಂವ ಅಲ್ಲೇನೋ ನೀ! ನಿನ್ನ ವಿಷಯ ಕಲ್ಕತ್ತಾಕ್ಕ ಬರದಿದ್ದೆ. ನಮ್ಮ ಗುರುಗಳು ಭಾಳ ಖುಷಿ ಆದ್ರು. ಇಲ್ಲಿ ಏನ್ ಮಾಡಾಕತ್ತೀ?"

ಅಕ್ಕ ಬುಟ್ಟಿ ಕೆಳಗಿಟ್ಟು ಎದ್ದಳು.

"ಹತ್ತಿ ಹೊರಾಕತ್ತಾನ್ರಿ. ನೀವ ಕಳಿಸಿದ್ರಲ್ಲ."

"ನಾನಽ?"

"ಮಗ್ಗ ಹೋತು. ಮದಿವಿ ಹೋತು. ಊರು ಹೋತು. ಎಲ್ಲಾರ ಮುಂದ ಕೂಡಿಸಿ ಮೂರ ಸಲ ಮಾಡಿಸಿದ್ರಿ. ಒಂದ ಸಲ ಸಾಲಲಿಲ್ಲೇನ್ರಿ ನಿಮಗ?"

ಮಾಸ್ತರರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಅದನ್ನು ಏನು ಮಾಡಬೇಕೆಂದು ತಿಳಿಯದವರಂತೆ ತಿರುವುತ್ತ ನಿಂತರು. ಸಂತೆಯ ಜನ ದಾಟಿ ಹೋಗುತ್ತಿದ್ದರು. ಅವರ ಕುತ್ತಿಗೆಯಿಂದ ಕಿವಿಯವರೆಗೆ ಏನೋ ಬದಲಾಗುತ್ತ ಬಂತು. ಕೆಂಪಾಗಿದ್ದಿರಬೇಕು. ನನಗೆ ಅದು ಬಿಸಿಲು ಹತ್ತಿದ ಹಾಗೆ ಕಂಡಿತು, ಅಷ್ಟೆ.

ಎರಡು ದಿನ ರಜೆ ಹಾಕಿ ಅವರು ಇಳಕಲ್ಲಿಗೆ ಹೋಗಿ ಬಂದರು. ಇದು ರೋಗವಲ್ಲ, ಹುಡುಗ ಇಷ್ಟು ವರ್ಷ ಒಂದು ಸೀರೆಯನ್ನೂ ಕೆಡಿಸಿಲ್ಲ ಎಂದೆಲ್ಲ ಸಾವಕಾರರಿಗೆ ಹೇಳಿದರಂತೆ. ಸಾವಕಾರರು ಚಹಾ ಕುಡಿಸಿ, "ಆವತ್ತು ನೀವು ಖರೇ ಹೇಳಿದ್ರಿ, ನಾ ನಂಬಿದೆ. ಇವತ್ತು ಅದನ್ನ ಮರತುಬಿಡು ಅಂದ್ರ ಹೆಂಗ್ರಿ ಸಾಹೇಬ್ರ?" ಎಂದರಂತೆ. ಇದನ್ನು ಮಾಸ್ತರರೇ ನಮ್ಮ ಮನೆಗೆ ಬಂದು ಹೇಳಿದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತು ನೆಲ ನೋಡುತ್ತ ಹೇಳಿದರು. ಹೇಳಿ ಮುಗಿದ ಮೇಲೂ ಏಳಲಿಲ್ಲ.

"ಒಂದು ಕೇಳ್ತೇನಿ," ಎಂದರು. "ಸಾಯಂಕಾಲ ನನ್ನ ಜೊತಿ ಬಾ. ಪ್ರಯೋಗದಾಗ ಕೆಲಸ ಐತಿ, ಪಗಾರ ಕೊಡ್ತೇನಿ."

ಕುಣಿಸಲು ಕರಡಿ ಬೇಕಾಗಿದೆ ಎಂದುಕೊಂಡೆ. "ನನ್ನ ಕಣ್ಣು ಮತ್ತ ತೋರ್ಸೂದಿಲ್ರಿ."

"ನಿನ್ನ ಕಣ್ಣಿನ ಮಾತು ನಾ ಎತ್ತೂದಿಲ್ಲ. ಪ್ರಯೋಗ ಹೆಂಗ ಮಾಡಬೇಕು ಅಂತ ನನಗ ಕಲಿಸ್ಯಾರ. ಮಂದೀನ ಹೆಂಗ ಕೂಡಿಸ್ಕೋಬೇಕು ಅನ್ನೂದು ನನಗ ತಿಳೀವಲ್ದು. ನೀ ಆ ಕಡೆ ಕೂತು ಬಂದೀದಿ. ನಾ ತಪ್ಪಿದಲ್ಲಿ ಹೇಳು."

ಒಳಗಿದ್ದ ಅಕ್ಕ ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಹೋದೆ.

ಉಣ್ಣೆಯ ಪೆಟ್ಟಿಗೆಯನ್ನು ಅವರು ಅಟ್ಟಕ್ಕೆ ಹಾಕಿದ್ದರು. ಹೊಸದಾಗಿ ತಗಡಿನ ಡಬ್ಬಿಗಳನ್ನು ಮಾಡಿಸಿದ್ದರು. ನೋಡಲು ಎಲ್ಲ ಒಂದೇ ಥರ, ಒಳಗಿನ ಗುಂಡುಗಳ ತೂಕ ಮಾತ್ರ ಬೇರೆ ಬೇರೆ. ಎರಡೆರಡನ್ನು ಎತ್ತಿ ಯಾವುದು ಭಾರ ಎಂದು ಹೇಳಬೇಕು. ಎಷ್ಟು ಸಣ್ಣ ಫರಕನ್ನು ಮನುಷ್ಯನ ಕೈ ಹಿಡಿಯುತ್ತದೆ ಎಂದು ತಿಳಿಯುವ ಪ್ರಯೋಗ. ಮೊದಲ ದಿನ ಅವರು ನನ್ನನ್ನು ಕೂಡಿಸಲಿಲ್ಲ. ತಾವೇ ಕೂತು, "ನೀ ಕೊಡು, ನಾ ಹೇಳ್ತೇನಿ" ಎಂದರು. ತಮ್ಮ ಮೇಲೆ ಮಾಡಿಕೊಳ್ಳದೆ ಅವರು ಅಲ್ಲಿಂದ ಮುಂದೆ ಯಾವುದನ್ನೂ ಬೇರೆಯವರ ಮೇಲೆ ಮಾಡಲಿಲ್ಲ.

ನಾನು ಅವರಿಗೆ ಹೇಳಿದ ಮೊದಲ ತಪ್ಪು ಹುಬ್ಬಿನದು. ಎದುರಿಗಿದ್ದವರು ತಪ್ಪು ಹೇಳಿದರೆ ಅವರ ಎಡ ಹುಬ್ಬು ಏಳುತ್ತಿತ್ತು. "ಅದನ್ನ ನೋಡಿ ಮಂದಿ ಅಂಜ್ತಾರ್ರಿ. ಇಲ್ಲಾ ನಿಮ್ಮ ಮಾರಿ ನೋಡಿ ಉತ್ತರ ಬದಲ ಮಾಡ್ತಾರ." ಅವರು ಕನ್ನಡಿ ಹಿಡಿದು ಹಲವು ದಿನ ಅಭ್ಯಾಸ ಮಾಡಿದರು. ಹುಬ್ಬು ಕೇಳಲಿಲ್ಲ. ಕೊನೆಗೆ ನಡುವೆ ಒಂದು ಹಳೆಯ ಚಾದರ ಕಟ್ಟಿ ಅದರ ಆಚೆ ಕೂತರು. ಡಬ್ಬಿ ಕೊಡುವುದು ನಾನು, ಕೇಳಿ ಬರೆದುಕೊಳ್ಳುವುದು ಅವರು. ಅವರ ಹೆಂಡತಿ ಅಡಿಗೆಮನೆಯಿಂದ ಇಣುಕಿ, "ಪರದಾದಾಗ ನಾ ಇರಬೇಕಾಗಿತ್ತು, ನೀವು ಹೊಕ್ಕು ಕುಂತೀರಿ" ಎಂದು ನಗಾಡಿದರು. ಮಾಸ್ತರರು ನಗಲಿಲ್ಲ. "ನಾ ಮಾರಿ ಮುಚ್ಚಿಕೊಳ್ಳೂದಽ ಛಲೋ" ಎಂದರು. ಆ ಮನೆಯಲ್ಲಿ ಆ ಮಾತಿನ ಅರ್ಥ ನನಗೊಬ್ಬನಿಗೇ ಗೊತ್ತಿತ್ತು.

ರವಿವಾರಗಳಲ್ಲಿ ಡಬ್ಬಿ ಕಟ್ಟಿಕೊಂಡು ಕೆರೂರ, ಶಿರೂರುಗಳಿಗೆ ಹೋಗುತ್ತಿದ್ದೆವು. ಗುಡಿಯ ಕಟ್ಟೆ, ಸಂತೆ, ಚಾವಡಿಗಳಲ್ಲಿ ಅವರು ಎಂದೂ ಕೂಡಲಿಲ್ಲ. ಯಾರದಾದರೂ ಖಾಲಿ ಕೋಣೆ ಕೇಳಿ, ಒಬ್ಬೊಬ್ಬರನ್ನೇ ಕರೆದು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬಂದವರನ್ನು ಬಾಗಿಲಿನ ಕಡೆಗೇ ಕೂಡಿಸುವುದು. ಬೇಸರವಾದರೆ ಎದ್ದು ಹೋಗಲು ನಮ್ಮನ್ನು ದಾಟಬೇಕಾಗಬಾರದು ಎನ್ನುತ್ತಿದ್ದರು. ಕೆರೂರಿನಲ್ಲಿ ಕಾಯಿಪಲ್ಯ ಮಾರುವ ಒಬ್ಬ ಮುದುಕಿ ಬಂದು ಡಬ್ಬಿಗಳನ್ನು ಸಂಶಯದಿಂದ ನೋಡಿದಳು.

"ಇದರಿಂದ ನನಗೇನ್ ಸಿಗತೈತಿ?"

"ನಿನಗೇನೂ ಸಿಗೂದಿಲ್ಲವ್ವಾ" ಎಂದರು ಮಾಸ್ತರರು ಚಾದರದ ಆಚೆಯಿಂದ.

"ನಿನಗ?"

ಮಾಸ್ತರರು ಹೇಳಿದರು: "ನಾಲ್ಕು ಮಂದಿ ಶಾಣ್ಯಾರು ನನಗ ಶಾಭಾಸ್ ಅನಬಹುದು."

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. "ಖರೇ ಹೇಳೀದಿ. ತಾ ಹಂಗಾರ" ಎಂದು ಕೂತಳು.

ಶಿರೂರಿನಲ್ಲಿ ಕುರಿ ಕಾಯುವ ಒಬ್ಬ ನಡು ವಯಸ್ಸಿನವನು ಅರ್ಧ ಮುಗಿದಾಗ ಎದ್ದ. ಬೀರಪ್ಪನ ಭಕ್ತ, ಹಣೆಯ ತುಂಬ ಭಂಡಾರದ ಅರಿಶಿನ. "ನಿಮ್ಮ ಆಟ ಸಾಕ್ರೆಪಾ" ಎಂದು ಕಂಬಳಿ ಹೆಗಲಿಗೆ ಹಾಕಿ ಹೊರಟೇಬಿಟ್ಟ. ಅಲ್ಲಿಯವರೆಗೆ ಅಷ್ಟು ಸೂಕ್ಷ್ಮವಾಗಿ ತೂಕ ಹೇಳಿದವರು ಇನ್ನೊಬ್ಬರು ಸಿಕ್ಕಿರಲಿಲ್ಲ. ನಾನು ಬಾಗಿಲಿಗೆ ಓಡಿ ಅವನನ್ನು ಕರೆಯಬೇಕೆಂದಿದ್ದೆ. ಮಾಸ್ತರರು ಚಾದರ ಸರಿಸಿ ನನ್ನ ತೋಳು ಹಿಡಿದರು. "ಬಿಡು." ಅವನು ಹೇಳಿದ್ದನ್ನೆಲ್ಲ ಬರೆದಿದ್ದ ಹಾಳೆಯನ್ನು ಹರಿದು ಆ ಮನೆಯವರ ಒಲೆಗೆ ಹಾಕಿದರು. "ಪೂರಾ ಕೊಡಲಿಲ್ಲ ಅಂದ್ರ ಅರ್ಧಾನೂ ನಮ್ಮದಲ್ಲ." ಹಾಳೆ ಉರಿಯುವಾಗ ಅವರ ಮುಖದಲ್ಲಿ ಸಂಕಟವಿತ್ತು. ಒಳ್ಳೆಯ ಉತ್ತರ ಕೈತಪ್ಪಿದರೆ ಅವರಿಗೆ ಈಗಲೂ ನೋಯುತ್ತಿತ್ತು. ಅವರ ಹಸಿವು ಹೋಗಿರಲಿಲ್ಲ. ಅದರ ಬಗ್ಗೆಯೇ ಅವರಿಗೆ ನಾಚಿಕೆಯಿತ್ತು ಎಂದು ನನಗೆ ಆವತ್ತು ತಿಳಿಯಿತು.

ಆ ನಾಚಿಕೆ ಎಷ್ಟೋ ಬಗೆಯಲ್ಲಿ ಹೊರಗೆ ಬರುತ್ತಿತ್ತು. ಅವರ ತಂಗಿಯ ಮಗಳ ನಿಕಾಹಕ್ಕೆ ಸೀರೆ ಕೊಳ್ಳಲು ಹೋದಾಗ ಅಂಗಡಿಯವನು ಇಳಕಲ್ ಸೀರೆ ಬಿಚ್ಚಿ ಹರವಿದ. ಮಾಸ್ತರರು ಹೊರಗೆ ಹೋಗಿ ರಸ್ತೆಯಲ್ಲಿ ನಿಂತರು. ನಮ್ಮ ಅಕ್ಕ ಎದುರಿಗೆ ಬಂದರೆ, ಎಲ್ಲಿದ್ದರೂ ಎದ್ದು ನಿಲ್ಲುತ್ತಿದ್ದರು. ಅಕ್ಕ, "ಕೂಡ್ರಿ" ಎನ್ನುವಳು. ಅದರ ಮೇಲೆ ಒಂದು ಮಾತು ಹೆಚ್ಚು ಆಡಲಿಲ್ಲ. ಹಬ್ಬಕ್ಕೆ ಅವರ ಮನೆಯಿಂದ ಬಂದ ಸುರಕುಂಬಾ ಪಾಯಸ ನಾನು ಕುಡಿಯುತ್ತಿದ್ದೆ, ಅವಳು ಮುಟ್ಟುತ್ತಿರಲಿಲ್ಲ. "ಅಷ್ಟು ಛಲೋ ಮನಶ್ಯಾ, ಇನ್ನರ ಬಿಡು ಅಕ್ಕಾ" ಎಂದು ಒಮ್ಮೆ ಹೇಳಿದೆ. "ಛಲೋ ಮನಶ್ಯಾನ ಹೌದು. ಛಲೋ ಮನಶ್ಯಾನ ಅದನ್ನ ಮಾಡಿದ್ದು" ಎಂದಳು. ಕೊನೆಗೆ ಹಾಗೆಯೇ ತೀರಿಕೊಂಡಳು, ಕ್ಷಮಿಸಲಿಲ್ಲ. ಅವಳನ್ನು ಹೊತ್ತಾಗ ಮಾಸ್ತರರು ಬಂದರು. ಹತ್ತಿರ ಬರಲಿಲ್ಲ. ನಮ್ಮವರೆಲ್ಲ ತಿರುಗಿ ಹೊರಟ ಮೇಲೂ ದೂರದ ಬೇವಿನ ಮರದಡಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು.

ಕಲ್ಕತ್ತೆಯ ಗುರುಗಳು ಇಳಕಲ್ಲಿನ ನೇಕಾರನ ವಿಷಯ ಬಿಡಲೇ ಇಲ್ಲ. ವಿದ್ವಾಂಸರ ಒಂದು ಸಭೆಯಲ್ಲಿ ಅದನ್ನು ಓದಬೇಕು, ಅಂಥ ಕಣ್ಣಿನವನು ಬಣ್ಣದ ಕಸುಬನ್ನೇ ಮಾಡಿ ಬದುಕಿದ್ದು ಬಹಳ ದೊಡ್ಡ ಸಂಗತಿ ಎಂದು ಬರೆದರು. ಮಾಸ್ತರರು ಪತ್ರವನ್ನು ನನಗೆ ಓದಿ ಅರ್ಥ ಹೇಳಿದರು.

"ಹೆಸರು ಹಾಕೂದಿಲ್ಲ. ಊರೂ ಹಾಕೂದಿಲ್ಲ. ಆದರೂ ನಿನ್ನ ಕೇಳಬೇಕು. ಬರೀಲೇನು?"

"ಬ್ಯಾಡ್ರಿ," ಎಂದೆ.

"ಆತು," ಎಂದರು. ಯಾಕೆ ಎಂದು ಕೇಳಲಿಲ್ಲ. ಮತ್ತೊಮ್ಮೆ ಯೋಚಿಸು ಎನ್ನಲಿಲ್ಲ. "ಆ ಮನುಷ್ಯ ವಾರಕ್ಕೆರಡು ಸಲ ನನ್ನ ಮನೆಯಲ್ಲೇ ಉಣ್ಣುತ್ತಾನೆ, ಆದರೆ ಬೇಡ ಎಂದಿದ್ದಾನೆ" ಎಂದು ಅವರು ಉತ್ತರ ಬರೆದರು. ಗುರುಗಳಿಗೆ ಇದು ಹುಚ್ಚುತನವಾಗಿ ಕಂಡಿರಬೇಕು. ಪತ್ರಗಳು ಕಡಿಮೆಯಾದವು, ಆಮೇಲೆ ನಿಂತೇ ಹೋದವು. ಮಾಸ್ತರರು ಹೈಸ್ಕೂಲಿನಲ್ಲಿಯೇ ಮುದುಕರಾದರು. ಡಬ್ಬಿಗಳ ಪ್ರಯೋಗವನ್ನು ಕೇಳಿ ಶಾಭಾಸ್ ಎನ್ನಲು ಆ ನಾಲ್ಕು ಮಂದಿಯೂ ಸಿಗಲಿಲ್ಲ.

ಅವರು ಹಾಸಿಗೆ ಹಿಡಿದ ಮೇಲೆ ನಾನು ದಿನವೂ ಹೋಗುತ್ತಿದ್ದೆ. ಹತ್ತಿಯ ಕಾರಖಾನೆಯಲ್ಲಿ ಆಗ ನಾನು ಗುಮಾಸ್ತ. ಬರೆಯುವ ಓದುವ ಕೆಲಸಕ್ಕೆ ನನ್ನನ್ನು ತಯಾರು ಮಾಡಿದವರು ಅವರೇ. ಒಂದು ಮಧ್ಯಾಹ್ನ ಅವರ ಕೈ ಒತ್ತುತ್ತ ಕೂತಿದ್ದೆ. ಡಬ್ಬಿ ಎತ್ತಿ ಎತ್ತಿ ತೂಕ ನೋಡುತ್ತಿದ್ದ ಆ ಕೈ ಬಹಳ ಹಗುರಾಗಿತ್ತು. ಇದ್ದಕ್ಕಿದ್ದಂತೆ ಹೇಳಿಬಿಟ್ಟೆ:

"ಮಾಸ್ತರ್ರೀ, ನನ್ನ ಕಣ್ಣಿನ ವಿಷಯ ಬರೀರಿ. ನಿಮಗ ಆಗದಿದ್ರ ನೀವು ಹೇಳ್ರಿ, ನಾ ಬರಕೊಂತೇನಿ. ಹೆಸರ ಹಾಕಿದ್ರೂ ನಡೀತೈತಿ. ನಾ ಒಪ್ಪೇನಿ."

ಅವರು ಕಣ್ಣು ತೆರೆದರು. ಬಹಳ ಹೊತ್ತು ನನ್ನನ್ನೇ ನೋಡಿದರು. ಅಂದು ಕನ್ನಡಿ ಹಿಡಿದು ಅಭ್ಯಾಸ ಮಾಡಿದರೂ ಕೇಳದ ಎಡ ಹುಬ್ಬು ಆವತ್ತು ಅಲ್ಲಾಡಲಿಲ್ಲ.

"ಬ್ಯಾಡ," ಎಂದರು.

"ಯಾಕ್ರಿ? ನಾನಽ ಹೇಳಾಕತ್ತೇನಲ್ಲ."

"ನಾ ಹಿಂಗ ಬಿದ್ದದ್ದು ನೋಡಿ ಹೇಳಾಕತ್ತೀ. ಸಾಯೋ ಮುದುಕಗ ಇಲ್ಲ ಅನ್ನೂದು ಹೆಂಗ ಅಂತ ಹೇಳಾಕತ್ತೀ. ಇಲ್ಲ ಅನ್ನಾಕ ನಿನಗ ದಾರಿ ಇಲ್ಲದಾಗ ಹೂಂ ಅಂದ್ರ, ಅದು ಒಪ್ಪಿಗಿ ಅಲ್ಲ ತಮ್ಮಾ. ಇಳಕಲ್ಲಿನಾಗೂ ನಾ ಬಾ ಅಂದೆ, ನೀ ಬಂದು ಕೂತಿ. ಎಲ್ಲಾರೂ ಕೂತಿದ್ರು, ಸಾವಕಾರ್ರು ಮುಂದಿದ್ರು. ನಿನಗ ಎಲ್ಲಿ ದಾರಿ ಇತ್ತು?"

ಉಸಿರು ಕಟ್ಟಿ ಕೆಮ್ಮಿದರು. ನೀರು ಕುಡಿಸಿದೆ. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಅವರ ಮೇಲಿನ ಮರುಕದಿಂದಲೇ ನಾನು ಅದನ್ನು ಕೊಡಲು ಹೋಗಿದ್ದೆ. ಹೊರಗೆ ನಾಲ್ಕು ಜನರಿಗೆ ತಿಳಿದರೆ ಹೇಗೆ ಎಂಬ ಅಂಜಿಕೆ ನಾನು ಬಾಯಿ ತೆರೆಯುವಾಗಲೂ ನನ್ನೊಳಗೆ ಇತ್ತು. ಅದು ಅವರಿಗೆ ಕಂಡಿತ್ತು. ಮುಖ ತಪ್ಪಿಸಿ ಲೋಟ ತೊಳೆಯಲು ಎದ್ದು ಹೋದೆ. ತಿರುಗಿ ಬಂದಾಗ ಅವರು ಗೋಡೆಯ ಕಡೆ ಹೊರಳಿ ಮಲಗಿದ್ದರು, ನನ್ನನ್ನು ನೋಡದೆ ಇರುವುದಕ್ಕೆಂದೇ ಮಲಗಿದ ಹಾಗಿತ್ತು.

ಆಮೇಲೆ ಹೆಚ್ಚು ದಿನ ಅವರು ಉಳಿಯಲಿಲ್ಲ. ಮತ್ತೆ ಆ ಮಾತನ್ನು ನಾನೂ ತೆಗೆಯಲಿಲ್ಲ.

ಈಗ ನಾನು ಬೇಡ ಎಂದರೆ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ. ಬರೆ ಎಂದು ಕೇಳುವವರೂ ಇಲ್ಲ. ಮಳೆ ನಿಂತ ಮೇಲೆ ಕೆಲವು ದಿನ, ನನ್ನ ಕಣ್ಣಿನ ವಿಷಯ ಬರೆಯಲೇ, ಬೇಡ ಎನ್ನಲೇ ಎಂದು ನನ್ನನ್ನೇ ಕೇಳಿಕೊಂಡೆ. ಬೇಡ ಎಂದೇ ಎರಡು ಸಲ ಅಂದುಕೊಂಡೆ ಕೂಡ. ನಿನ್ನೆ ಮುಂಜಾನೆ ಎದ್ದು, ಬಾಗಿಲು ತೆರೆದಿಟ್ಟು, ಬರೆಯಲು ಕೂತೆ.